ಸ್ಪಷ್ಟನೆ: ನಾಯಕರ ಸುಳ್ಳು ಮಾತನ್ನು ತೋರಿಸಿದರೆ ಜೈಲು ಎಂಬ ಮೆಸೇಜ್ ನಿಜವಲ್ಲ

ಕಲಬುರಗಿಯ ವಾಟ್ಸಾಪ್ ಗ್ರೂಪುಗಳಲ್ಲಿ ಒಂದು ಮೆಸೇಜ್ ಓಡಾಡುತ್ತಿದೆ. ನಾಯಕರ ಭಾಷಣವನ್ನು ಪತ್ರಕರ್ತರು ಇದ್ದ ಹಾಗೇ ಹಾಕಬೇಕಂತೆ, ಸುಳ್ಳು ಎಂದು ಬರೆದರೆ, ಪತ್ರಿಕೆಗಳ ನಡವಳಿಕೆಯನ್ನು ನೋಡಿಕೊಳ್ಳುವ ಸಂಸ್ಥೆಯಾದ ಪ್ರೆಸ್ ಕೌನ್ಸಿಲ್ ಜೈಲಿಗೆ ಕಳಿಸುತ್ತದಂತೆ. ಇದು ತಪ್ಪು.

1978ರ ಪ್ರೆಸ್ ಕೌನ್ಸಿಲ್ ಕಾಯ್ದೆಯ ಪ್ರಕಾರ ಕೌನ್ಸಿಲ್ ಎಚ್ಚರಿಸಬಹುದು, ಖಂಡಿಸಬಹುದು. ಜೈಲಿಗೆ ಹಾಕುವ ಅಧಿಕಾರ ಅದಕ್ಕಿಲ್ಲ. ಸುದ್ದಿ ನಿಖರವಾಗಿರಬೇಕು ಎಂಬುದೇ ಅದು ಪತ್ರಕರ್ತರಿಂದ ಮೊದಲು ಕೇಳುವುದು.

ಮಾನಹಾನಿ ಕಾನೂನು ಇರುವುದು ನಿಜ. ಭಾರತೀಯ ನ್ಯಾಯ ಸಂಹಿತೆಯ 356ನೇ ಸೆಕ್ಷನ್‌ನಲ್ಲಿ 2 ವರ್ಷದವರೆಗೆ ಜೈಲು ಶಿಕ್ಷೆಯೂ ಇದೆ. ಆದರೆ ಅದೇ ಸೆಕ್ಷನ್‌ನ ಮೊದಲ ವಿನಾಯಿತಿ ಏನು ಹೇಳುತ್ತದೆ? ಬರೆದದ್ದು ಸತ್ಯವಾಗಿದ್ದು, ಜನರ ಒಳಿತಿಗೆ ಅದನ್ನು ಪ್ರಕಟಿಸುವುದು ಅಗತ್ಯವಾಗಿದ್ದರೆ ಅದು ಮಾನಹಾನಿ ಅಲ್ಲ. ಮೆಸೇಜಿನಲ್ಲಿ ಈ ಭಾಗವೇ ಇಲ್ಲ.

ನಮ್ಮ ಭಾಗದ್ದೇ ಉದಾಹರಣೆ ನೋಡಿ. ಈ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ 371ಜೆ ವಿಧಿ ಬಂದದ್ದು 2019ರಲ್ಲಿ ಎಂದು ಯಾರಾದರೂ ವೇದಿಕೆಯಲ್ಲಿ ಹೇಳಿದರು ಎಂದುಕೊಳ್ಳಿ. ಅದನ್ನು ಸುಮ್ನೆ ಅಚ್ಚು ಹಾಕಿದರೆ ಓದುಗರಿಗೆ ಮೋಸ ಅಲ್ವಾ? ಆ ವಿಧಿಯನ್ನು ತಂದ ಸಂವಿಧಾನದ 98ನೇ ತಿದ್ದುಪಡಿಗೆ ಸಂಸತ್ತು ಒಪ್ಪಿದ್ದು 2012ರ ಡಿಸೆಂಬರ್‌ನಲ್ಲಿ. 2019ರಲ್ಲಿ ಆದದ್ದು ಹೈದರಾಬಾದ್ ಕರ್ನಾಟಕಕ್ಕೆ ಕಲ್ಯಾಣ ಕರ್ನಾಟಕ ಎಂಬ ಹೆಸರು. ವರದಿಗಾರರು ಇದನ್ನು ಭಾಷಣದ ಸುದ್ದಿಯಲ್ಲೇ, ಅದರ ಪಕ್ಕದಲ್ಲೇ ಬರೆಯಬೇಕು. ಎದುರು ಪಕ್ಷದವರ ಹೇಳಿಕೆಗೆ ಕಾಯಬೇಕಿಲ್ಲ.

ಒಂದು ಎಚ್ಚರ ಬೇಕು. ‘ಹೇಳಿದ್ದು ತಪ್ಪು’ ಎನ್ನಲು ದಾಖಲೆ ಸಾಕು. ‘ಬೇಕೆಂದೇ ಸುಳ್ಳು ಹೇಳಿದರು’ ಎನ್ನಲು, ಅವರಿಗೆ ನಿಜ ಗೊತ್ತಿತ್ತು ಎಂಬುದಕ್ಕೂ ಪುರಾವೆ ಬೇಕು.

ಆ ಮೆಸೇಜ್ ನಿಮಗೂ ಬಂದಿದ್ದರೆ ದಯವಿಟ್ಟು ಫಾರ್ವರ್ಡ್ ಮಾಡಬೇಡಿ. ಈಗಾಗಲೇ ಕಳಿಸಿದ್ದರೆ ಅದೇ ಗ್ರೂಪಿಗೆ ಈ ಸ್ಪಷ್ಟನೆಯನ್ನೂ ಹಾಕಿ.