ಕೇಳಿದ ಮಾತ್ರಕ್ಕೆ ಮಕ್ಕಳ ತಲೆಗೆ ಸಾಯುವ ಯೋಚನೆ ಬರುವುದಿಲ್ಲ

ಎಸ್ಸೆಸ್ಸೆಲ್ಸಿ, ಪಿಯುಸಿ ಫಲಿತಾಂಶದ ಹೊತ್ತಿಗೆ ಪೋಷಕರ ವಾಟ್ಸಾಪ್ ಗುಂಪುಗಳಲ್ಲಿ ಒಂದು ಮಾತು ಓಡಾಡುತ್ತದೆ: "ಮಕ್ಕಳ ಹತ್ತಿರ ಸಾಯುವ ಮಾತು ಎತ್ತಬೇಡಿ, ಕೇಳಿದರೆ ಆ ಯೋಚನೆ ನೀವೇ ತುಂಬಿದಂತೆ." ಇದು ತಪ್ಪು. ನೇರವಾಗಿ, ಮೆತ್ತಗೆ ಕೇಳುವುದರಿಂದ ಅಪಾಯ ಜಾಸ್ತಿಯಾಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯೂ ಇದನ್ನೇ ಹೇಳುತ್ತದೆ. ಕೊನೆಗೂ ಯಾರೋ ಕೇಳಿದರಲ್ಲ ಅಂತ ಎಷ್ಟೋ ಮಕ್ಕಳ ಎದೆ ಹಗುರಾಗುತ್ತದೆ.

ಎದುರು ಕೂರಿಸಿಕೊಂಡು ವಿಚಾರಣೆ ಮಾಡಬೇಡಿ. ರಾತ್ರಿ ಪಾತ್ರೆ ಒರೆಸುವಾಗಲೋ, ಟ್ಯೂಷನ್ನಿನಿಂದ ಜೊತೆಗೆ ನಡೆದು ಬರುವಾಗಲೋ ಕೇಳಿ: "ಪುಟ್ಟಾ, ಯಾಕೋ ಸರಿಯಾಗಿ ಊಟಾನೇ ಮಾಡ್ತಿಲ್ಲ. ಬದುಕೋದೇ ಬೇಡ ಅಂತ ಯಾವಾಗಾದ್ರೂ ಅನ್ಸಿದ್ಯಾ?" ಹೂಂ ಅಂದರೆ ಬೈಯಬೇಡಿ, ಬುದ್ಧಿ ಹೇಳಲು ಹೋಗಬೇಡಿ. ಪೂರ್ತಿ ಕೇಳಿಸಿಕೊಳ್ಳಿ. ಒಂಟಿಯಾಗಿ ಬಿಡಬೇಡಿ. 'ಯಾರಿಗೂ ಹೇಳಲ್ಲ' ಅಂತ ಭಾಷೆಯನ್ನೂ ಕೊಡಬೇಡಿ, ಸಹಾಯಕ್ಕೆ ಬೇರೆಯವರು ಬೇಕಾಗುತ್ತಾರೆ. ಶಿಕ್ಷಕರೂ ಹೀಗೇ ಕೇಳಬಹುದು, ತರಗತಿಯಲ್ಲಿ ಎಲ್ಲರ ಮುಂದೆ ಮಾತ್ರ ಬೇಡ.

ಆ ಸಹಾಯಕ್ಕೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ, ಸಂಖ್ಯೆ 14416. ಉಚಿತ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. 2022ರ ಅಕ್ಟೋಬರಿನಲ್ಲಿ ಶುರುವಾದ ಇದಕ್ಕೆ ಬೆಂಗಳೂರಿನ ನಿಮ್ಹಾನ್ಸ್ ಮುಖ್ಯ ಕೇಂದ್ರ. ಮಗುವೇ ಫೋನ್ ಮಾಡಬೇಕೆಂದಿಲ್ಲ, ಗಾಬರಿಯಾದ ಅಪ್ಪ ಅಮ್ಮನೂ ಮಾಡಬಹುದು.