ಊರಿಗೆ ಹಳಬರು, ಹೆಸರಲ್ಲಿ ಮಾತ್ರ ಹೊಸಬರು

ನೊವಾಕ್ ಅಂದ್ರೆ ನಮ್ಮ ಕಡೆ ಜನಕ್ಕೆ ಗೊತ್ತಿರೋದು ಒಬ್ಬನೇ, ಟೆನಿಸ್ ಆಡೋ ಜೊಕೊವಿಚ್. ಅವನಿಗೆ ಅದು ಅಪ್ಪ ಅಮ್ಮ ಇಟ್ಟ ಹೆಸರು, ಮನೆತನದ ಹೆಸರಲ್ಲ. ಸರ್ಬಿಯಾದಲ್ಲಿ ಗಂಡುಮಕ್ಕಳಿಗೆ ಈ ಹೆಸರು ಇಡೋ ಪದ್ಧತಿ ಮೊದಲಿಂದಲೂ ಇದೆ, ಒಟ್ಟೋಮನ್ ತುರ್ಕರ ವಿರುದ್ಧ ಬಡಿದಾಡಿದ ಸ್ತಾರಿನಾ ನೊವಾಕ್ ಅನ್ನೋ ಬಂಡುಕೋರನ ಮೇಲೆ ಅಲ್ಲಿ ಲಾವಣಿಗಳೇ ಇವೆ. ಆದ್ರೆ ಸರ್ಬಿಯಾದಿಂದ ಸ್ವಲ್ಪ ವಾಯವ್ಯಕ್ಕೆ ಬಂದ್ರೆ, ಸ್ಲೊವೇನಿಯಾ, ಚೆಕ್, ಪೋಲೆಂಡ್ ಕಡೆ, ಅದೇ ನೊವಾಕ್ ಸರ್‌ನೇಮ್ ಆಗಿಬಿಡುತ್ತೆ, ಅದೂ ಎಂಥಾ ಸರ್‌ನೇಮ್ ಅಂದ್ರೆ ಈ ಮೂರೂ ದೇಶದಲ್ಲಿ ಅತಿ ಹೆಚ್ಚು ಜನಕ್ಕಿರೋ ಸರ್‌ನೇಮ್ ಅದೇ.

ನಾನು ಕೆಲಸಕ್ಕಂತ ಪ್ರಾಗ್‌ಗೆ ಬಂದಾಗಿಂದ ಈ ಹೆಸರಿನ ಹಿಂದೆ ಬಿದ್ದಿದೀನಿ. ಇಲ್ಲಿ ಅಪಾರ್ಟ್‌ಮೆಂಟ್ ಬಾಗಿಲಲ್ಲಿ ಫ್ಲಾಟ್ ನಂಬರ್ ಬದಲು ಕಾಲಿಂಗ್ ಬೆಲ್ ಪಕ್ಕ ಮನೆಯವರ ಸರ್‌ನೇಮ್ ಬರೆದಿರ್ತಾರೆ, ಟಪಾಲು ಡಬ್ಬದ ಮೇಲೂ ಅಷ್ಟೇ. ಹಳೇ ಮೈಸೂರು ಕಡೆಯ ನಮ್ಮಂಥವರಿಗೆ ಸರ್‌ನೇಮೇ ಇಲ್ಲ, ಇನಿಷಿಯಲ್ ಅಷ್ಟೇ, ಪಾಸ್‌ಪೋರ್ಟ್‌ನಲ್ಲಿ ಆ ಕಾಲಂ ತುಂಬಿಸೋಕೆ ಅಪ್ಪನ ಹೆಸರು ಹಾಕ್ಕೊಂಡು ಬಂದಿರ್ತೀವಿ, ಹಾಗಾಗಿ ಇಲ್ಲಿ ಎಲ್ಲರೂ ನಮ್ಮನ್ನ ನಮ್ಮ ಅಪ್ಪನ ಹೆಸರಿಂದ ಕರೀತಾರೆ. ಅಂಥವರಿಗೆ ಸರ್‌ನೇಮ್ ಎಲ್ಲಿಂದ ಬರುತ್ತೆ, ಯಾಕೆ ಅಂಟಿಕೊಳ್ಳುತ್ತೆ ಅನ್ನೋ ಕುತೂಹಲ ಸಹಜ ತಾನೇ.

ಅರ್ಥ ಕಷ್ಟದ್ದೇನಲ್ಲ. ಸ್ಲಾವ್ ಭಾಷೆಗಳಲ್ಲಿ (ಚೆಕ್, ಪೋಲಿಷ್, ಸರ್ಬಿಯನ್, ರಷ್ಯನ್ ಎಲ್ಲ ಇದೇ ಗುಂಪು) ‘ನೊವ್’ ಅಂದ್ರೆ ಹೊಸದು, ಸಂಸ್ಕೃತದ ‘ನವ’ದ ಸೋದರ ಪದ, ಎರಡೂ ಒಂದೇ ಬೇರಿಂದ ಬಂದಿವೆ. ನವ್ಗೊರೊದ್, ನೊವಿಸಾದ್, ನೊವೊಸಿಬಿರ್ಸ್ಕ್ ಅಂತ ಊರುಗಳ ಹೆಸರು ಕೇಳಿರ್ತೀರಲ್ಲ, ಎಲ್ಲ ಅದೇ ನೊವ್. ಅದಕ್ಕೆ ‘ಆಕ್’ ಸೇರಿಸಿದ್ರೆ ಮನುಷ್ಯ ಆಗ್ತಾನೆ. ನೊವಾಕ್ ಅಂದ್ರೆ ಹೊಸಬ. ಊರಿಗೆ ಹೊಸದಾಗಿ ಬಂದವನು, ಅಥವಾ ಕಸುಬಿಗೆ ಹೊಸಬ, ಕೆಲವು ಕಡೆ ಹೊಸದಾಗಿ ಮತಕ್ಕೆ ಸೇರಿದವನು. ಬಹುಪಾಲು ಮಾತ್ರ ಊರಿಗೆ ಹೊಸಬ ಅನ್ನೋದೇ.

ಈಗ ನನ್ನ ಅಭಿಪ್ರಾಯ ಹೇಳ್ತೀನಿ. ಇಂಟರ್ನೆಟ್‌ನಲ್ಲಿ ಈ ಹೆಸರು ಹುಡುಕಿದ್ರೆ ಸಾಕು, ‘ನೊವಾಕ್ ಮನೆತನದ ಲಾಂಛನ’ ಅಂತ ಗುರಾಣಿ, ಸಿಂಹ, ಕತ್ತಿ ಎಲ್ಲ ಬಿಡಿಸಿ ಫ್ರೇಮ್ ಹಾಕಿ ಮಾರೋ ಸೈಟ್‌ಗಳು ಸಾಲಾಗಿ ಬರ್ತವೆ, ನಿಮ್ಮ ಪೂರ್ವಜರು ಯಾವ ಸರದಾರರು ತಿಳ್ಕೊಳ್ಳಿ ಅಂತ ಕರೀತವೆ. ಇದು ಜನರನ್ನ ದಾರಿ ತಪ್ಪಿಸೋ ಕೆಲಸ ಅಂತ ನನಗೆ ಗಟ್ಟಿಯಾಗಿ ಅನ್ಸುತ್ತೆ. ನೊವಾಕ್ ಅನ್ನೋ ಒಂದು ಮನೆತನ ಯಾವತ್ತೂ ಇರಲಿಲ್ಲ. ಸಾವಿರಾರು ಹಳ್ಳಿಗಳಲ್ಲಿ, ಒಬ್ಬರಿಗೊಬ್ಬರು ಗೊತ್ತೇ ಇಲ್ಲದ ಸಾವಿರಾರು ಜನಕ್ಕೆ, ಅಕ್ಕಪಕ್ಕದವರು ‘ಲೋ ಆ ಹೊಸಬ’ ಅಂತ ಕರೆದು ಕರೆದು ಬಂದ ಹೆಸರು ಇದು. ಪೋಲೆಂಡ್‌ನ ಪೊಜ್ನಾನ್ ಹತ್ತಿರದ ನೊವಾಕ್‌ಗೂ ಸ್ಲೊವೇನಿಯಾದ ಲುಬ್ಲಿಯಾನಾದ ನೊವಾಕ್‌ಗೂ ರಕ್ತಸಂಬಂಧ ಇರಬೇಕಾದ್ದೇ ಇಲ್ಲ. ಅಷ್ಟೇಕೆ, ಒಂದೇ ಜಿಲ್ಲೆಯ ಎರಡು ಹಳ್ಳಿ ನೊವಾಕ್‌ಗಳಿಗೂ ಇರಬೇಕಿಲ್ಲ. ಪೋಲೆಂಡ್‌ನಲ್ಲಿ ಈ ಹೆಸರಿನವರು 2 ಲಕ್ಷಕ್ಕೂ ಜಾಸ್ತಿ, ಚೆಕ್‌ನಲ್ಲಿ ಗಂಡಸರು ಹೆಂಗಸರು ಸೇರಿ ಸುಮಾರು 70 ಸಾವಿರ, ಬರೀ 21 ಲಕ್ಷ ಜನಸಂಖ್ಯೆಯ ಸ್ಲೊವೇನಿಯಾದಲ್ಲಿ 11 ಸಾವಿರದ ಆಸುಪಾಸು. ಇಷ್ಟು ಜನಕ್ಕೆ ಒಬ್ಬನೇ ಮೂಲಪುರುಷ ಅಂದ್ರೆ ನಂಬೋ ಮಾತಾ?

ಇನ್ನೊಂದು ವಿಷಯ ಗೊತ್ತಾದಾಗ ನಾನು ನಿಜಕ್ಕೂ ಬೆರಗಾದೆ. ಚೆಕ್‌ನಲ್ಲಿ ಹೆಚ್ಚು ಜನಕ್ಕಿರೋ ಸರ್‌ನೇಮ್‌ಗಳ ಪಟ್ಟಿಯಲ್ಲಿ ಮೊದಲನೇದು ನೊವಾಕ್, ಎರಡನೇದು ಸ್ವೊಬೊದಾ, ಮೂರನೇದು ನೊವೊಟ್ನಿ. ಈ ನೊವೊಟ್ನಿ ಅಂದ್ರೂ ಹೊಸಬನೇ! 1998ರಲ್ಲಿ ವಿಂಬಲ್ಡನ್ ಗೆದ್ದ ಯಾನಾ ನೊವೊಟ್ನಾ ನೆನಪಿದಾರಲ್ಲ, 1993ರ ಫೈನಲ್ ಸೋತು ಬ್ರಿಟಿಷ್ ರಾಜಮನೆತನದ ಡಚೆಸ್ ಆಫ್ ಕೆಂಟ್ ಹೆಗಲ ಮೇಲೆ ತಲೆಯಿಟ್ಟು ಅತ್ತವರು, ಅವರದು ಅದೇ ಹೆಸರಿನ ಸ್ತ್ರೀ ರೂಪ. ಸ್ಲೊವೇನಿಯಾ ಪಕ್ಕದ ಕ್ರೊಯೇಷಿಯಾಗೆ ಹೋದ್ರೆ ಮೊದಲ ಸ್ಥಾನ ಹೊರ್ವಾತ್ ಅನ್ನೋ ಹೆಸರಿಗೆ. ಹೊರ್ವಾತ್ ಅಂದ್ರೆ ಕ್ರೊಯೇಷಿಯಾದವನು. ಕ್ರೊಯೇಷಿಯಾದಲ್ಲೇ ಒಬ್ಬನನ್ನ ಕ್ರೊಯೇಷಿಯಾದವನು ಅಂತ ಕರೆಯೋದು ಯಾಕೆ? ಯಾಕಂದ್ರೆ ತುರ್ಕರ ದಾಳಿ ಕಾಲದಲ್ಲಿ ದಕ್ಷಿಣದ ಹಳೇ ಕ್ರೊಯೇಷಿಯಾದಿಂದ ಜನ ಗಂಟುಮೂಟೆ ಕಟ್ಕೊಂಡು ಉತ್ತರಕ್ಕೆ ಓಡಿಬಂದ್ರು, ಆ ಉತ್ತರ ಭಾಗಕ್ಕೆ ಆಗ ಸ್ಲಾವೋನಿಯಾ ಅಂತ ಹೆಸರು, ಅಲ್ಲಿನವರಿಗೆ ಇವರು ಹೊರಗಿಂದ ಬಂದ ‘ಹೊರ್ವಾತ್’ಗಳು. ಸ್ಲೊವಾಕಿಯಾದಲ್ಲೂ ಮೊದಲ ಸ್ಥಾನ ಇದೇ ಹೆಸರಿನ ಹಂಗೇರಿ ಕಾಗುಣಿತಕ್ಕೆ. ಅಂದ್ರೆ ಪೋಲೆಂಡ್, ಚೆಕ್, ಸ್ಲೊವಾಕಿಯಾ, ಸ್ಲೊವೇನಿಯಾ, ಕ್ರೊಯೇಷಿಯಾ, ಐದೂ ಸ್ಲಾವ್ ದೇಶಗಳಲ್ಲಿ ನಂಬರ್ ಒನ್ ಸರ್‌ನೇಮ್ ಬೇರೆ ಕಡೆಯಿಂದ ಬಂದವನದು. ಸರ್ಬಿಯಾ, ಬಲ್ಗೇರಿಯಾ ಕಡೆ ಹೀಗಿಲ್ಲ, ಅಲ್ಲಿ ಯೊವಾನೊವಿಚ್, ಇವಾನೊವ್ ಅಂತ ಅಪ್ಪನ ಹೆಸರು ಮುಂದೆ. ಉಕ್ರೇನ್‌ನಲ್ಲಿ ಮೆಲ್ನಿಕ್, ಅಂದ್ರೆ ಗಿರಣಿಯವನು.

ಈ ಐದು ದೇಶದಲ್ಲಿ ಯಾಕೆ ಇಷ್ಟೊಂದು ಹೊಸಬರು ಅಂತ ಹುಡುಕ್ತಾ ಹೋದ್ರೆ ಸಿಗೋದು ಪಾಳುಬಿದ್ದ ಊರುಗಳು. ಚೆಕ್ ವಿಷಯವನ್ನೇ ತಗೊಳ್ಳಿ, 1618ರಿಂದ 1648ರ ತನಕ ಮೂವತ್ತು ವರ್ಷಗಳ ಯುದ್ಧ, ಆ ಸೈನ್ಯ ಈ ಸೈನ್ಯ ಅಂತ ಬಂದು ಬೊಹೀಮಿಯಾನ, ಅಂದ್ರೆ ಚೆಕ್ ನಾಡಿನ ದೊಡ್ಡ ಭಾಗಾನ, ತಿಂದುಹಾಕಿಬಿಟ್ವು, ಜನ ಸತ್ರು, ಪ್ಲೇಗ್ ಬಂತು, ಉಳಿದವರಲ್ಲಿ ಎಷ್ಟೋ ಜನ ಪ್ರಾಟೆಸ್ಟಂಟರು ಅನ್ನೋ ಕಾರಣಕ್ಕೆ ದೇಶ ಬಿಟ್ಟು ಹೋದ್ರು. ಯುದ್ಧ ಮುಗಿದ ಮೇಲೆ 1650ರ ದಶಕದಲ್ಲಿ ಸರ್ಕಾರ ಕಂದಾಯಕ್ಕಂತ ಒಂದು ದೊಡ್ಡ ಲೆಕ್ಕ ಮಾಡಿಸ್ತು, ಬೆರ್ನಿ ರೂಲಾ ಅಂತಾರೆ, ಅದರಲ್ಲಿ ಉಳುವವರಿರೋ ಹೊಲದ ಜೊತೆಗೆ ಯಾರೂ ಇಲ್ಲದೆ ಪಾಳುಬಿದ್ದ ಮನೆ ಜಮೀನುಗಳ ಲೆಕ್ಕವೂ ಇದೆ. ಜಮೀನ್ದಾರರಿಗೆ ಉಳೋಕೆ ಜನ ಬೇಕಿತ್ತು, ಬೇರೆ ಊರಿಂದ ಕರೆತಂದು ಕೂರಿಸಿದ್ರು, ಬಂದವನು ನೊವಾಕ್ ಆದ. ಯುದ್ಧಕ್ಕಿಂತ ಮೊದಲೂ ಈ ಹೆಸರಿತ್ತು, ಕಾಡು ಕಡಿದು ಹೊಸ ಹಳ್ಳಿ ಕಟ್ಟಿದ ಮಧ್ಯಯುಗದಿಂದಲೂ ಇತ್ತು, ಆದ್ರೆ ಇಂಥ ಪ್ರತಿ ವಿಪತ್ತಿನ ಮೇಲೂ ಒಂದಿಷ್ಟು ಹೊಸ ನೊವಾಕ್‌ಗಳು ಹುಟ್ಕೊಂಡ್ರು.

ಇದರಲ್ಲಿ ನನಗೆ ತುಂಬಾ ಇಷ್ಟವಾದ ಭಾಗ ಮನೆ ಹೆಸರಿನದು. ಆಗಿನ ಚೆಕ್ ಹಳ್ಳಿಗಳಲ್ಲಿ ಹೆಸರು ಮನುಷ್ಯನಿಗಿಂತ ಜಾಸ್ತಿ ಮನೆ ಜಮೀನಿಗೆ ಅಂಟಿರ್ತಿತ್ತು. ವಿಧವೆಯನ್ನ ಮದುವೆಯಾಗಿ ಅವಳ ಹೊಲಮನೆಗೆ ಬಂದವನು, ಅಥವಾ ಮನೆಅಳಿಯನಾಗಿ ಬಂದವನು, ತನ್ನ ಹುಟ್ಟುಹೆಸರು ಬಿಟ್ಟು ಆ ಮನೆ ಹೆಸರಿಂದಲೇ ಕರೆಸ್ಕೊಳ್ತಿದ್ದ. ಹಾಗಾಗಿ ನೊವಾಕ್‌ರ ಮನೆಗೆ ಬಂದ ಯಾರೋ ಒಬ್ಬ ನೊವಾಕ್ ಆಗ್ತಿದ್ದ, ನೊವಾಕ್‌ನ ಕಿರಿಮಗ ಇನ್ನೊಂದು ಮನೆಗೆ ಹೋಗಿ ಬೇರೆ ಏನೋ ಆಗ್ತಿದ್ದ, ಒಂದೇ ತಾಯಿ ಮಕ್ಕಳು ಮೂರು ಸರ್‌ನೇಮ್ ಇಟ್ಕೊಂಡಿರೋದೂ ಉಂಟು. ಸ್ಲೊವೇನಿಯಾ ಹಳ್ಳಿಗಳಲ್ಲಿ ದಾಖಲೆಯ ಸರ್‌ನೇಮ್ ಒಂದು, ಊರವರು ಕರೆಯೋ ಮನೆ ಹೆಸರು ಇನ್ನೊಂದು, ಅದು ಇವತ್ತಿಗೂ ಇದೆ. ಉತ್ತರ ಕರ್ನಾಟಕದವರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ, ಹೊಸಮನಿ ಅನ್ನೋ ಅಡ್ಡಹೆಸರೇ ಅಲ್ಲಿ ಎಷ್ಟು ಜನಕ್ಕಿದೆ.

ಇದನ್ನೆಲ್ಲ ನಿಲ್ಲಿಸಿದ್ದು ಸರ್ಕಾರಿ ಕಾಗದ. ಮೊದಲು ಚರ್ಚ್‌ನವರು, 1563ರಲ್ಲಿ ಕ್ಯಾಥೊಲಿಕ್ ಚರ್ಚ್‌ನ ಟ್ರೆಂಟ್ ಮಹಾಸಭೆ ಮುಗಿದ ಮೇಲೆ ದೀಕ್ಷಾಸ್ನಾನ, ಮದುವೆ ಎಲ್ಲ ಪುಸ್ತಕದಲ್ಲಿ ಬರೀಬೇಕು ಅಂತಾಯ್ತು. ಆಮೇಲೆ ಆಗ ಚೆಕ್ ನಾಡನ್ನ ಆಳ್ತಿದ್ದ ಹ್ಯಾಬ್ಸ್‌ಬರ್ಗ್ ಮನೆತನದ ಚಕ್ರವರ್ತಿ ಎರಡನೇ ಜೋಸೆಫ್ 1780ರ ದಶಕದಲ್ಲಿ ಸರ್‌ನೇಮ್ ಕಾಯಂ ಇರಬೇಕು, ಅಪ್ಪನಿಂದ ಮಕ್ಕಳಿಗೆ ಹೋಗಬೇಕು, ಮನಸ್ಸಿಗೆ ಬಂದ ಹಾಗೆ ಬದಲಾಯಿಸೋ ಹಾಗಿಲ್ಲ ಅಂತ ಕಾನೂನು ಮಾಡಿದ. ಅವನಿಗೆ ಬೇಕಾಗಿದ್ದು ತೆರಿಗೆ ಮತ್ತು ಸೈನ್ಯಕ್ಕೆ ಸೇರಿಸೋ ಲೆಕ್ಕ. ಅದೇ ಜೋಸೆಫ್ 1781ರಲ್ಲಿ ಬೊಹೀಮಿಯಾದ ರೈತರ ಜೀತದ ಕಟ್ಟನ್ನ ತೆಗೆದುಹಾಕಿದ್ದೂ ಹೌದು, ಅಲ್ಲೀ ತನಕ ಜಮೀನ್ದಾರನ ಅಪ್ಪಣೆ ಇಲ್ಲದೆ ಊರು ಬಿಡೋ ಹಾಗಿರಲಿಲ್ಲ, ಮದುವೆ ಮಾಡ್ಕೊಳ್ಳೋ ಹಾಗೂ ಇರಲಿಲ್ಲ. ಪಟ್ಟಿಯ ಎರಡನೇ ಹೆಸರು ಸ್ವೊಬೊದಾ ಅಂದ್ರೆ ಸ್ವಾತಂತ್ರ್ಯ, ಅಂಥ ಕಾಲದಲ್ಲಿ ಯಾರ ಹಂಗಿಗೂ ಸಿಗದ ರೈತನಿಗೆ ಬಂದ ಹೆಸರು. ಒಟ್ಟಿನಲ್ಲಿ ಎಂದೋ ಒಬ್ಬ ತಾತ ಬಂದ ಮೊದಲ ಹತ್ತು ವರ್ಷಕ್ಕೆ ಮಾತ್ರ ನಿಜವಾಗಿದ್ದ ಒಂದು ಅಡ್ಡಹೆಸರನ್ನ ಗುಮಾಸ್ತರು ಪುಸ್ತಕದಲ್ಲಿ ಬರೆದು ಮೊಮ್ಮಕ್ಕಳ ಮೊಮ್ಮಕ್ಕಳಿಗೂ ಕಾಯಂ ಮಾಡಿಬಿಟ್ರು.

ಹೆಂಗಸರ ವಿಷಯ ಬೇರೆ. ಚೆಕ್‌ನಲ್ಲಿ ಗಂಡ ನೊವಾಕ್ ಆದ್ರೆ ಹೆಂಡತಿ, ಮಗಳು ನೊವಾಕೊವಾ, ಅಂದ್ರೆ ಮೂಲದಲ್ಲಿ ‘ನೊವಾಕ್‌ನವಳು’ ಅಂತ. 2022ರ ಜನವರಿಯಿಂದ ‘ಓವಾ’ ಬೇಡ ಅಂದ್ರೆ ಯಾವ ಕಾರಣವೂ ಕೊಡದೆ ಬಿಡಬಹುದು ಅಂತ ಕಾನೂನು ಬಂದಿದೆ, ಇದು ಒಳ್ಳೇದೇ ಆಯ್ತು ಅಂತ ನನ್ನ ಅನಿಸಿಕೆ, ಭಾಷೆ ಹಾಳಾಗುತ್ತೆ ಅಂತ ಗೋಳಾಡೋರು ಇದಾರೆ, ಆದ್ರೆ ತನ್ನ ಹೆಸರು ಹೇಗಿರಬೇಕು ಅನ್ನೋದನ್ನ ಆ ಹೆಣ್ಣುಮಗಳೇ ತೀರ್ಮಾನಿಸಲಿ. ಪೋಲಿಷ್‌ನಲ್ಲಿ ಮೊದಲು ಹೆಂಡತಿಗೆ ನೊವಾಕೊವಾ, ಮದುವೆಯಾಗದ ಮಗಳಿಗೆ ನೊವಾಕುವ್ನಾ ಅಂತ ಬೇರೆ ಬೇರೆ ಇತ್ತು, ಈಗ ಎಲ್ಲರೂ ನೊವಾಕ್ ಅಂತಲೇ ಬರ್ಕೊಳ್ತಾರೆ, ಪೋಲಿಷ್ ಭಾಷೆಯೇನೂ ಸತ್ತುಹೋಗಿಲ್ಲ.

ಈ ಹೆಸರು ಸಾಮಾನ್ಯ ಮನುಷ್ಯನ ಗುರುತೇ ಆಗಿಹೋಗಿದೆ. ಚೆಕ್ ಬ್ಯಾಂಕ್ ಫಾರಂನಲ್ಲಿ ಮಾದರಿ ಹೆಸರು ಯಾನ್ ನೊವಾಕ್, ಸ್ಲೊವೇನಿಯಾದಲ್ಲಿ ಯಾನೆಜ್ ನೊವಾಕ್. ಪೋಲೆಂಡ್‌ನಲ್ಲಿ ಮಾತ್ರ ಆ ಜಾಗಕ್ಕೆ ಎರಡನೇ ಸ್ಥಾನದ ಕೊವಾಲ್ಸ್ಕಿ, ಕಮ್ಮಾರ ಅನ್ನೋದರಿಂದ ಬಂದ ಹೆಸರು. ಹಾಗಂತ ನೊವಾಕ್‌ಗಳೆಲ್ಲ ಬಡವರಾಗೇ ಉಳಿದ್ರು ಅಂತಲ್ಲ. ಪ್ರಾಗ್‌ನ ವೊದಿಚ್ಕೊವಾ ಬೀದಿಯಲ್ಲಿ ‘ಉ ನೊವಾಕು’ ಅಂತ, ಅಂದ್ರೆ ‘ನೊವಾಕ್‌ರಲ್ಲಿ’, ಒಂದು ದೊಡ್ಡ ಕಟ್ಟಡ ಇದೆ, 20ನೇ ಶತಮಾನದ ಶುರುವಲ್ಲಿ ನೊವಾಕ್ ಅನ್ನೋ ವ್ಯಾಪಾರಿ ಅಂಗಡಿಗೆ ಕಟ್ಟಿಸಿದ್ದು, ಓಸ್ವಾಲ್ಡ್ ಪೊಲೀವ್ಕಾ ಅದರ ವಾಸ್ತುಶಿಲ್ಪಿ, ಮುಂಭಾಗದ ಮೊಸಾಯಿಕ್ ಚಿತ್ರ ಎಷ್ಟು ಚೆನ್ನಾಗಿದೆ ಅಂದ್ರೆ ಪ್ರಾಗ್‌ಗೆ ಬಂದವರಿಗೆ ನಾನು ಕೋಟೆ, ಸೇತುವೆ ಆದ ಮೇಲೆ ತೋರಿಸೋದು ಅದನ್ನೇ. ಹೊಸಬನ ಹೆಸರು ಊರ ನಡುಮಧ್ಯೆ ಬಣ್ಣದ ಗೋಡೆ ಮೇಲೆ!

ಮತ್ತೆ ಇವರು ಇಲ್ಲಿಂದ ಬೇರೆ ಕಡೆ ಹೋಗಿ ಅಲ್ಲೂ ಹೊಸಬರಾದ್ರು. ವಿಯೆನ್ನಾ ಬೆಳೆದಿದ್ದೇ ಬೊಹೀಮಿಯಾ, ಅದರ ಪಕ್ಕದ ಚೆಕ್ ಪ್ರದೇಶ ಮೊರಾವಿಯಾದಿಂದ ಹೋದ ಇಟ್ಟಿಗೆ ಕೆಲಸದವರು, ದರ್ಜಿಗಳು, ಅಡುಗೆಯವರಿಂದ, ಇವತ್ತು ಅಲ್ಲಿ ನೊವಾಕ್, ನೊವೊಟ್ನಿ ಅಂದ್ರೆ ಅಪ್ಪಟ ವಿಯೆನ್ನಾದವರು ಅಂತಲೇ ಅರ್ಥ, ಆಸ್ಟ್ರಿಯಾದ ಕೇಂದ್ರ ಬ್ಯಾಂಕಿಗೆ 2008ರಿಂದ 2019ರ ತನಕ ಗವರ್ನರ್ ಆಗಿದ್ದವರೇ ಒಬ್ಬ ನೊವೊಟ್ನಿ. ಹಂಗೇರಿಗೆ 2022ರಲ್ಲಿ ಮೊದಲ ಮಹಿಳಾ ರಾಷ್ಟ್ರಾಧ್ಯಕ್ಷೆ ಆದವರು ಕತಾಲಿನ್ ನೊವಾಕ್. ಜರ್ಮನಿಯ ಪೂರ್ವದಲ್ಲಿ ಸೋರ್ಬ್ ಅನ್ನೋ ಸಣ್ಣ ಸ್ಲಾವ್ ಜನಾಂಗ ಇದೆ, ಅವರ ನೊವಾಕ್ ಜರ್ಮನರ ಬಾಯಲ್ಲಿ ನೋಯಾಕ್ ಆಗಿದೆ. ಅಮೆರಿಕದಲ್ಲಿ 1933ರಲ್ಲಿ ಶಿಕಾಗೋದ ಚೆಕ್ ಮೂಲದ ಮನೆಯಲ್ಲಿ ಹುಟ್ಟಿದ ನಟಿ ಕಿಮ್ ನೊವಾಕ್‌ಗೆ ಸ್ಟುಡಿಯೋದವರು ಈ ಹೆಸರು ಬೇಡ, ಬದಲಾಯಿಸು ಅಂತ ಹಟ ಹಿಡಿದ್ರು. ಅವರು ಹುಟ್ಟುಹೆಸರು ಮರ್ಲಿನ್ ಅನ್ನೋದನ್ನ ಬಿಟ್ಟುಕೊಟ್ರು, ನೊವಾಕ್ ಮಾತ್ರ ಬಿಡಲಿಲ್ಲ. ಆ ಚಿಕ್ಕ ವಯಸ್ಸಿಗೆ ಅಂಥ ದೊಡ್ಡ ಸ್ಟುಡಿಯೋ ಎದುರು ಹಾಗೆ ನಿಂತಿದ್ದಕ್ಕೆ ನನಗೆ ಅವರ ಮೇಲೆ ಬಹಳ ಗೌರವ.

ಈಗ ಈ ಪೋಸ್ಟ್ ಬರೆಯೋಕೆ ಕಾರಣವಾದ ಮಾತಿಗೆ ಬರ್ತೀನಿ. ಚೆಕ್‌ನ ಹೆಚ್ಚು ಚಾಲ್ತಿಯ ಸರ್‌ನೇಮ್‌ಗಳ ಪಟ್ಟಿಯ ಮೇಲ್ಭಾಗದಲ್ಲಿ ಈಗ ನ್ಗುಯೆನ್ ಅನ್ನೋ ಹೆಸರಿದೆ, ವಿಯೆಟ್ನಾಂನವರ ಹೆಸರು. ಕಮ್ಯುನಿಸ್ಟ್ ಸರ್ಕಾರದ ಕಾಲದಲ್ಲಿ ಎರಡೂ ದೇಶದ ಒಪ್ಪಂದದ ಮೇಲೆ ಓದೋಕೆ, ಫ್ಯಾಕ್ಟರಿ ಕೆಲಸಕ್ಕೆ ಅಂತ ಬಂದವರು, 1989ರ ನಂತರ ಕೆಲಸ ಹೋದಾಗ ಸಂತೆಯಲ್ಲಿ ಬಟ್ಟೆ ಮಾರಿದ್ರು, ಆಮೇಲೆ ಊರೂರಲ್ಲಿ ರಾತ್ರಿ ತನಕ ತೆಗೆದಿರೋ ದಿನಸಿ ಅಂಗಡಿ ಹಾಕಿದ್ರು. ಪ್ರಾಗ್‌ನ ಸಾಪಾ ಮಾರ್ಕೆಟ್ ಅವರದ್ದೇ, ನಮಗೆ ಕೊತ್ತಂಬರಿ, ಹಸಿಮೆಣಸಿನಕಾಯಿ ಬೇಕಂದ್ರೆ ಅಲ್ಲಿಗೇ ಓಡ್ತೀವಿ. ಪಟ್ಟಿ ಬಗ್ಗೆ ಸುದ್ದಿ ಬಂದಾಗೆಲ್ಲ ಕೆಲವರು ನ್ಗುಯೆನ್ ಹೆಸರು ನೋಡಿ ದೇಶ ಕೈತಪ್ಪಿ ಹೋಯ್ತು ಅನ್ನೋ ಹಾಗೆ ಬರೀತಾರೆ, ಅದೇ ಪಟ್ಟಿಯ ಮೊದಲ ಸಾಲನ್ನ ಓದೋದೇ ಇಲ್ಲ. ಇದು ನನಗೆ ಸಿಟ್ಟು ತರಿಸುತ್ತೆ. ಊರಿಗೆ ಹೊಸಬ ಬಂದ, ಪಾಳುಮನೆ ಎತ್ತಿ ನಿಲ್ಲಿಸಿದ, ಹೊಲ ಉತ್ತ, ಅವನ ಮಕ್ಕಳೇ ಊರಾದ್ರು ಅನ್ನೋದು ನೊವಾಕ್ ಕತೆ. ಮುಚ್ಚಿಹೋಗಿದ್ದ ಹಳ್ಳಿ ಅಂಗಡಿಯ ಬಾಗಿಲನ್ನ ನ್ಗುಯೆನ್ ತೆಗೆದಿದ್ದು ಅದಕ್ಕಿಂತ ಬೇರೆ ಕತೆ ಹೇಗಾಗುತ್ತೆ? ಹಗಲೂ ರಾತ್ರಿ ಅಂಗಡಿಯಲ್ಲೇ ಇರ್ತಿದ್ದ ಆ ಅಪ್ಪ ಅಮ್ಮ ಮಕ್ಕಳನ್ನ ನೋಡ್ಕೊಳ್ಳೋಕೆ ಪಕ್ಕದ ಚೆಕ್ ಅಜ್ಜಿಯರನ್ನ ಇಟ್ಕೊಂಡ್ರು, ಆ ಮಕ್ಕಳಲ್ಲಿ ಎಷ್ಟೋ ಜನ ಈಗ ಡಾಕ್ಟರು, ವಕೀಲರು, ಇಂಜಿನಿಯರು, ಅಜ್ಜಿ ಕಲಿಸಿದ ಹಳೇ ಕಾಲದ ಶುದ್ಧ ಚೆಕ್ ಮಾತಾಡ್ತಾರೆ, ಕ್ರಿಸ್‌ಮಸ್‌ಗೆ ಅಜ್ಜಿ ಮನೆಗೆ ಹೋಗಿ ಚೆಕ್ ಹಬ್ಬದೂಟದ ಕಾರ್ಪ್ ಮೀನು ತಿಂತಾರೆ.