ಇ ಅಂದ್ರೆ ಇನ್ನೂ ಇದೆ

ಅಪ್ಪನ ಹಳೇ ಕಾರಿನ ಪೆಟ್ರೋಲ್ ಮೀಟರಲ್ಲಿ ಒಂದ್ ಕಡೆ ಎಂಪ್ಟಿ ಅನ್ನೋ ಇ, ಇನ್ನೊಂದ್ ಕಡೆ ಫುಲ್ ಅನ್ನೋ ಎಫ್. ಮುಳ್ಳು ಇ ಹತ್ರ ಬಂತು ಅಂದ್ರೆ ಅಪ್ಪ "ಇ ಅಂದ್ರೆ ಇದೆ ಕಣೋ" ಅಂತಿದ್ರು, ಅದನ್ನ ನಂಬ್ಕೊಂಡು ನಾನು ಎಷ್ಟೋ ಸಲ ಕ್ಯಾನ್ ಹಿಡ್ಕೊಂಡು ಬಂಕಿಗೆ ನಡೆದಿದೀನಿ.

ಹಂಗ್ ನೋಡಿದ್ರೆ ಮೀಟರ್ ಇರೋದೇ ದೊಡ್ಡದು. ಫೋರ್ಡ್ ಮಾಡೆಲ್ ಟಿ ಓಡಿಸೋರು ಮುಂದಿನ ಸೀಟ್ ಎತ್ತಿ ಟ್ಯಾಂಕಿಗೆ ಕಡ್ಡಿ ಅದ್ದಿ ನೋಡ್ಬೇಕಿತ್ತು. 1950ರ ದಶಕದ ಫೋಕ್ಸ್‌ವ್ಯಾಗನ್ ಬೀಟಲ್ ಕಾರಿಗೂ ಮೀಟರ್ ಇರ್ಲಿಲ್ಲ, ಇಂಜಿನ್ ಕೆಮ್ಮಿದಾಗ ಕಾಲಲ್ಲೇ ರಿಸರ್ವ್ ತಿರುಗಿಸೋದು, ನಮ್ಮ ಹಳೇ ಬೈಕ್ ಥರ.

ನಮ್ಮ ಕಾರಿನ ಟ್ಯಾಂಕಲ್ಲಿ ಒಂದು ಫ್ಲೋಟು, ಅದಕ್ಕೊಂದು ತಂತಿ ತೋಳು, ತೋಳು ಮೇಲೆ ಕೆಳಗೆ ಆಡಿದ ಹಾಗೆ ರೆಸಿಸ್ಟೆನ್ಸ್ ಹೆಚ್ಚು ಕಮ್ಮಿ ಆಗುತ್ತೆ, ಆ ಕರೆಂಟಿಗೆ ಮೀಟರಿನೊಳಗಿನ ಎರಡು ಲೋಹ ಬೆಸೆದ ಪಟ್ಟಿ ಬಿಸಿಯಾಗಿ ಬಗ್ಗಿ ಮುಳ್ಳನ್ನ ತಳ್ಳುತ್ತೆ. ಅದಕ್ಕೇ ಕೀ ತಿರುಗಿಸಿದ್ರೂ ಮುಳ್ಳು ಮಧ್ಯಾಹ್ನದ ನಿದ್ದೆಯಿಂದ ಏಳೋರ ಥರ ಏಳೋದು.

ಹೋದ ಭಾನುವಾರ ಇದನ್ನ ಸರಿ ಮಾಡೇ ಬಿಡೋಣ ಅಂತ ಕೂತೆ. ಪೆಟ್ರೋಲ್ ಹತ್ರ ಕಿಡಿ ಬೇಡಪ್ಪಾ ಅಂತ ಡ್ಯಾಶ್‌ಬೋರ್ಡ್ ಹಿಂದೇನೇ ಸೆಂಡರ್ ವೈರ್, ಅಂದ್ರೆ ಟ್ಯಾಂಕಿನ ಫ್ಲೋಟ್ ಕಡೆಯಿಂದ ಬರೋ ವೈರ್ ಕಳಚಿದೆ, ಮುಳ್ಳು ಇ ಕಡೆ ಮಲಗ್ತು. ಎರಡು ಸೆಕೆಂಡ್ ಅದನ್ನ ಕಾರಿನ ಲೋಹದ ಮೈಗೆ ಮುಟ್ಟಿಸಿದೆ, ಎಫ್ ಕಡೆ ಹೊರಡ್ತು. ಅಂದ್ರೆ ಮೀಟರ್ ಪಾಪ, ತಪ್ಪು ಟ್ಯಾಂಕ್ ಕಡೇದು. ಅರ್ತ್ ಬೋಲ್ಟಿನ ತುಕ್ಕು ಉಜ್ಜಿದ ಮೇಲೆ ಅರ್ಧ ಸುಧಾರಿಸ್ತು. ಆಮೇಲೆ ಟ್ಯಾಂಕ್ ಪೂರ್ತಿ ಖಾಲಿ ಮಾಡಿ ಐದೈದು ಲೀಟರ್ ಸುರೀತಾ ಪ್ರತಿ ಸಲ ಮುಳ್ಳೆಲ್ಲಿದೆ ಅಂತ ಬರ್ಕೊಂಡೆ. ನೋಡಿದ್ರೆ ಮುಳ್ಳು ಅರ್ಧಕ್ಕೆ ಬಂದಾಗ ಪೆಟ್ರೋಲ್ ಅರ್ಧ ಇರೋದೇ ಇಲ್ಲ, ಟ್ಯಾಂಕ್ ಡಬ್ಬದ ಥರ ನೆಟ್ಟಗಿದ್ರೆ ತಾನೇ.

ಕೊನೆಗೆ ತೋಳು ಬಗ್ಗಿಸೋ ಹೊತ್ತಿಗೆ ತಲೆ ಕೆಡ್ತು. ಇ ಅಂದ್ರೆ ನಿಜವಾಗ್ಲೂ ಖಾಲಿ ಅಂತ ಇಟ್ರೆ ಮುಳ್ಳು ನಿಜ ಹೇಳೋದೂ ಕಾರು ನಿಲ್ಲೋದೂ ಒಂದೇ ಸಲ, ಅಂಥಾ ಸತ್ಯ ತಗೊಂಡು ಏನ್ ಮಾಡ್ಲಿ? ಅಮ್ಮ ಅಡುಗೆಮನೆ ಗಡಿಯಾರ ಹತ್ತು ನಿಮಿಷ ಮುಂದಿಡ್ತಿದ್ಲಲ್ಲ, ಹಾಗೇ 4 ಲೀಟರ್ ಉಳಿದಾಗ್ಲೇ ಮುಳ್ಳು ಇ ಮೇಲೆ ಕೂರೋ ಥರ ಬಗ್ಗಿಸಿಟ್ಟೆ. ಅಪ್ಪನ ಮಾತೂ ಉಳೀತು. ಈ ಗುಟ್ಟನ್ನ ಖುಷೀಲಿ ಹೆಂಡ್ತಿ ಹತ್ರ ಹೇಳಿದ್ದೇ ತಪ್ಪಾಯ್ತು ನೋಡಿ.

ಮೊನ್ನೆ ಹಾಸನ ದಾಟಿದ ಮೇಲೆ ಮುಳ್ಳು ಇ ಮುಟ್ತು, ಬಂಕ್ ಕಾಣ್ತು, ಇಂಡಿಕೇಟರ್ ಹಾಕಿದೆ.

"ನಾಲ್ಕು ಲೀಟರ್ ಇದೆ ಅಂತ ನೀವೇ ಹೇಳಿದ್ರಲ್ಲ, ಮುಂದಿನ ಬಂಕಲ್ಲಿ ಹಾಕ್ಸಿದ್ರಾಯ್ತು, ನಡೀರಿ" ಅಂದ್ಲು.